ಈ ಭಾನುವಾರ ಯಾರು ಬರಲಿಲ್ಲ? ಸಭೆಯಲ್ಲಿ ಅನ್ಯೋನ್ಯತೆ ಕಟ್ಟುವ ಕೆಲಸ

ಒಂದು ನೋಟ್‌ಬುಕ್ ತಗೊಳ್ಳಿ. ಅದರಲ್ಲಿ ನಿಮ್ಮ ಚರ್ಚಿನ ಸಭೆಗೆ ಸೇರಿದ ಹತ್ತು ಹನ್ನೆರಡು ಜನರ ಹೆಸರು ಬರೆಯಿರಿ. ಇಡೀ ಸಭೆಯದ್ದು ಬೇಡ. ನಿಮ್ಮ ಬೀದಿಯ ಆಸುಪಾಸಿನವರು, ನೀವು ನಡೆದೋ ಆಟೋ ಹತ್ತಿಯೋ ಹೋಗಿ ಮುಟ್ಟಬಹುದಾದವರು ಸಾಕು. ಭಾನುವಾರ ಆರಾಧನೆ ಮುಗಿದ ಮೇಲೆ ಯಾರು ಬಂದಿದ್ದರು ಅಂತ ಗುರುತು ಹಾಕಬೇಡಿ, ಯಾರು ಬರಲಿಲ್ಲ ಅಂತ ಹಾಕಿ. ಮಂಗಳವಾರದೊಳಗೆ ಅವರ ಮನೆಗೆ ಹೋಗಿ ಬನ್ನಿ.

ಸಭೆಯಲ್ಲಿ ಅನ್ಯೋನ್ಯತೆ ಬೆಳೆಸುವುದು ಹೇಗೆ ಅಂತ ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಕೇಳಿದವರಿಗೆ ಸ್ವಲ್ಪ ನಿರಾಸೆಯಾಗುತ್ತದೆ. ಅವರು ಕೇಳಲು ಬಂದಿರುವುದು ಕಾರ್ಯಕ್ರಮದ ಬಗ್ಗೆ: ಯುವಕರಿಗೆ ಒಂದು ಕ್ಯಾಂಪ್, ಹೆಂಗಸರಿಗೆ ಒಂದು ಉಪವಾಸ ಕೂಟ, ಹೊಸ ಸೌಂಡ್ ಸಿಸ್ಟಮ್. ಅವೆಲ್ಲ ಇರಲಿ. ಆದರೆ ಮುನ್ನೂರು ಜನ ಕೂಡಿ ಹಾಡುವ ಜಾಗದಲ್ಲಿ ಒಬ್ಬಳು ಎಂಟು ವಾರ ಬಾರದಿದ್ದರೂ ಯಾರಿಗೂ ಗೊತ್ತಾಗದೆ ಇರಬಹುದು. ಅಂಥ ಕಡೆ ಸಂಗೀತ ಚೆನ್ನಾಗಿದ್ದರೂ ಅನ್ಯೋನ್ಯತೆ ಇನ್ನೂ ಹುಟ್ಟಿಲ್ಲ ಅಂತಲೇ ನಾನು ತಿಳಿಯುತ್ತೇನೆ.

ನಾನು ಕೋಲಾರದಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ವಾರ್ಡಿನಲ್ಲಿ ಡ್ಯೂಟಿ ಬದಲಾಗುವಾಗ ಹೋಗುವವಳು ಬರುವವಳಿಗೆ ಒಂದೊಂದು ಹಾಸಿಗೆಯ ಮುಂದೆ ನಿಂತು, ಹೆಸರು ಹಿಡಿದು, ಇವರಿಗೆ ರಾತ್ರಿ ಜ್ವರ ಇತ್ತು, ಇವರು ಊಟ ಮಾಡಿಲ್ಲ ಅಂತ ಒಪ್ಪಿಸಿ ಹೋಗಬೇಕು. ಸಭೆಯಲ್ಲೂ ಯಾರಾದರೂ ಒಬ್ಬರು ನಿಮ್ಮನ್ನು ಹಾಗೆ ಹೆಸರು ಹಿಡಿದು ಕಾಯುತ್ತಿರಬೇಕು ಅನ್ನುವುದು ನನ್ನ ಆಸೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಒಂಟಿತನ ದೊಡ್ಡ ಊರಿನವರ ಕಾಯಿಲೆ ಅಂತ ನಮ್ಮವರು ಈಗಲೂ ಅಂದುಕೊಂಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೊರತಂದ ವರದಿಯ ಪ್ರಕಾರ ಲೋಕದಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ಅದಕ್ಕೂ ಎರಡು ವರ್ಷ ಮೊದಲು, ನಮ್ಮ ಮಂಡ್ಯದ ಹಲ್ಲೆಗೆರೆ ಮೂಲದ ಡಾಕ್ಟರ್ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯ ವೈದ್ಯರು, ಆಗಿದ್ದಾಗ, ಜನರ ಒಡನಾಟವೇ ಇಲ್ಲದ ಬದುಕು ಆಯುಸ್ಸಿಗೆ ಮಾಡುವ ಹಾನಿ ದಿನಕ್ಕೆ ಹದಿನೈದು ಸಿಗರೇಟು ಸೇದುವಷ್ಟಿದೆ ಅಂತ ಎಚ್ಚರಿಸಿದರು. ಈಗ ನಮ್ಮ ಜಿಲ್ಲೆಯನ್ನೇ ನೋಡಿ. ನರಸಾಪುರದಲ್ಲಿ, ವೇಮಗಲ್‌ನಲ್ಲಿ ಕಾರ್ಖಾನೆಗಳು ಬಂದ ಮೇಲೆ ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರು ಬಾಡಿಗೆ ರೂಮುಗಳಲ್ಲಿ ನಾಲ್ಕೈದು ಜನ ಇದ್ದಾರೆ. ಒಬ್ಬಳು ಶಿಫ್ಟಿಗೆ ಹೊರಡುವಾಗ ಇನ್ನೊಬ್ಬಳು ಬಂದು ಮಲಗುತ್ತಾಳೆ. ಕೆ.ಜಿ.ಎಫ್.ನಲ್ಲಿ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಂದಿನಿಂದ ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲಿಗೆ ದುಡಿಯುವ ವಯಸ್ಸಿನವರೆಲ್ಲ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಾರೆ. ಹಗಲು ಮನೆಯಲ್ಲಿರುವವರು ಮುದುಕರು. ಮಾಲೂರು, ಶ್ರೀನಿವಾಸಪುರದ ಕಡೆಯ ಹಳ್ಳಿಗಳಲ್ಲೂ ಮಕ್ಕಳು ಹೊರಗೆ ಹೋಗಿ ಅಪ್ಪ ಅಮ್ಮ ಇಬ್ಬರೇ ಉಳಿದಿದ್ದಾರೆ, ಅವರಲ್ಲೊಬ್ಬರು ತೀರಿಕೊಂಡರೆ ಇನ್ನೊಬ್ಬರು ಒಬ್ಬರೇ.

ಯೋಹಾನನ ಸುವಾರ್ತೆಯ ಐದನೇ ಅಧ್ಯಾಯದಲ್ಲಿ ಬೇತ್ಸಥಾ ಕೊಳದ ಬಳಿ 38 ವರ್ಷದಿಂದ ಕಾಯಿಲೆ ಬಿದ್ದವನೊಬ್ಬ ಇದ್ದಾನೆ. ಸ್ವಸ್ಥನಾಗಲು ಮನಸ್ಸಿದೆಯೋ ಅಂತ ಯೇಸು ಕೇಳಿದರೆ ಅವನು ಇದೆ ಅನ್ನುವುದಿಲ್ಲ, ಇಲ್ಲ ಅನ್ನುವುದೂ ಇಲ್ಲ. ನೀರು ಕದಡಿದಾಗ ನನ್ನನ್ನು ಇಳಿಸುವುದಕ್ಕೆ ಯಾರೂ ಇಲ್ಲ ಅನ್ನುತ್ತಾನೆ. ಅವನ ಸುತ್ತ ಐದು ಮಂಟಪದ ತುಂಬ ಜನ ಇದ್ದರು. ನನ್ನ ಕೆಲಸದ ವರ್ಷಗಳಲ್ಲಿ ಇದೇ ಮಾತನ್ನು ರೋಗಿಗಳ ಬಾಯಲ್ಲಿ ಎಷ್ಟು ಬಾರಿ ಕೇಳಿದ್ದೇನೋ. ಅವರಲ್ಲಿ ನಮ್ಮ ಸಭೆಗಳ ಸದಸ್ಯರೂ ಇದ್ದರು.

ಹೋಗಿ ನೋಡಿ ಬರುವುದು

ಕೋಲಾರದ ಮೆಥೋಡಿಸ್ಟರಿಗೆ ಇದು ಹೊಸದೇನೂ ಅಲ್ಲ. ಇ.ಟಿ.ಸಿ.ಎಂ. ಆಸ್ಪತ್ರೆ ಕಟ್ಟಿದ ಮಿಷನ್ನಿನವರ ಹಿರಿಯರ ಹಿರಿಯ ಜಾನ್ ವೆಸ್ಲಿ ಇದನ್ನು ಕಂಡುಕೊಂಡದ್ದು ಸಾಲದ ನೆಪದಲ್ಲಿ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರದ ಮೇಲಿದ್ದ ಸಾಲ ತೀರಿಸಲು ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಅಂತ ಒಬ್ಬರು ಸಲಹೆ ಕೊಟ್ಟರು. ಬಡವರಿಗೆ ಅದೂ ಆಗದು ಅಂತ ಇನ್ನೊಬ್ಬರು ಅಂದರು. ಆಗ ಮೊದಲಿನವರು, ಹಾಗಾದರೆ ಎಲ್ಲರಿಗಿಂತ ಬಡವರಾದ ಹನ್ನೊಂದು ಜನರನ್ನು ನನಗೆ ವಹಿಸಿ, ವಾರವಾರ ಅವರ ಮನೆಗೆ ಹೋಗುತ್ತೇನೆ, ಅವರಿಗೆ ಆಗದಿದ್ದರೆ ಅವರ ಪಾಲನ್ನೂ ನಾನೇ ಹಾಕುತ್ತೇನೆ ಅಂದರು. ಹಾಗೆ ಕಾಸು ಎತ್ತಲು ಮನೆ ಮನೆಗೆ ಹೋದವರಿಗೆ ಅಲ್ಲಿ ಏನೇನು ಕಷ್ಟ, ಏನೇನು ಜಗಳ, ಯಾರು ಕುಡಿತಕ್ಕೆ ಬಿದ್ದಿದ್ದಾರೆ ಎಲ್ಲ ಕಣ್ಣಿಗೆ ಬಿತ್ತು. ನಮಗೆ ಬೇಕಾಗಿದ್ದದ್ದು ಇದೇ ಅಂತ ವೆಸ್ಲಿಗೆ ಹೊಳೆಯಿತು. ಹನ್ನೆರಡು ಜನರ ಆ ಗುಂಪುಗಳೇ ಮುಂದೆ ಮೆಥೋಡಿಸ್ಟ್ ಸಭೆಯ ಬೆನ್ನೆಲುಬಾದವು. ನಮ್ಮಲ್ಲಿ ಮೆಥೋಡಿಸ್ಟ್ ಅನ್ನುವ ಹೆಸರು ಉಳಿದಿದೆ, ಮನೆಗೆ ಹೋಗುವ ರೂಢಿ ತಪ್ಪಿದೆ. ಅದನ್ನು ಮತ್ತೆ ಹಿಡಿಯಬೇಕು.

ಒಬ್ಬರೇ ಹೋಗಬೇಡಿ. ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದ. ಒಂಟಿ ಹೆಂಗಸಿನ ಮನೆಗೆ ಹೆಂಗಸರೇ ಹೋಗಿ. ಹೊಸಬರಾದರೆ ಮೊದಲು ಫೋನ್ ಮಾಡಿ, ಹಳಬರ ಮನೆಗೆ ನಮ್ಮ ಕಡೆ ಹೇಳದೆ ಹೋದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅರ್ಧ ಗಂಟೆಗಿಂತ ಹೆಚ್ಚು ಕೂರಬೇಡಿ.

ಬಾಗಿಲಲ್ಲೇ “ಯಾಕಮ್ಮಾ ಚರ್ಚಿಗೆ ಬರ್ಲಿಲ್ಲ?” ಅಂತ ಶುರು ಮಾಡಿದರೆ ಅದು ವಿಚಾರಣೆ ಆಗುತ್ತದೆ. ಅವರು ಒಂದು ನೆಪ ಹೇಳುತ್ತಾರೆ, ನೀವು ತಲೆ ಆಡಿಸುತ್ತೀರಿ, ಮಾತು ಅಲ್ಲಿಗೆ ಮುಗಿಯಿತು. “ಭಾನುವಾರ ನೀವು ಕಾಣಲಿಲ್ಲ ಅಕ್ಕ, ನೋಡ್ಕೊಂಡು ಹೋಗೋಣ ಅಂತ ಬಂದ್ವಿ” ಅನ್ನಿ. “ಹೇಗಿದ್ದೀರ?” ಅಂತಲೂ ಕೇಳಬೇಡಿ, ಅದಕ್ಕೆ “ದೇವರ ದಯೆಯಿಂದ ಚೆನ್ನಾಗಿದ್ದೀನಿ” ಅನ್ನುವ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿದೆ. ನರ್ಸ್ ಆಗಿ ನಾನು ಕಲಿತ ಪ್ರಶ್ನೆ ಬೇರೆ: “ರಾತ್ರಿ ನಿದ್ದೆ ಬರುತ್ತಾ?” ಈ ಪ್ರಶ್ನೆಗೆ ಸುಳ್ಳು ಹೇಳುವವರು ಕಡಿಮೆ. ನಿದ್ದೆ ಬರೋದಿಲ್ಲ ಅಂದವರು ಯಾಕೆ ಬರೋದಿಲ್ಲ ಅನ್ನುವುದನ್ನೂ ತಾವೇ ಹೇಳುತ್ತಾರೆ: ಮಗ ಫೋನ್ ಮಾಡಿಲ್ಲ, ಸಂಘದ ಕಂತು ಕಟ್ಟಿಲ್ಲ, ಯಜಮಾನರು ಹೋದ ಮೇಲೆ ರಾತ್ರಿ ಮನೆ ಬಣಬಣ ಅನ್ನುತ್ತೆ. ಇನ್ನೊಂದು ಪ್ರಶ್ನೆ, “ಬೆಳಗ್ಗೆ ಏನ್ ತಿಂದ್ರಿ?” ಒಂಟಿಯಾಗಿರುವವರು ಮೊದಲು ಬಿಡುವುದು ಅಡುಗೆಯನ್ನು. ಒಬ್ಬರಿಗೋಸ್ಕರ ಮುದ್ದೆ ತಿರುವುವುದಕ್ಕೆ ಮನಸ್ಸು ಬರುವುದಿಲ್ಲ, ಟೀ ಬನ್ನಲ್ಲೇ ದಿನ ತಳ್ಳುತ್ತಾರೆ.

ಕಣ್ಣು ಕೂಡ ಕೆಲಸ ಮಾಡಲಿ. ಬಿ.ಪಿ. ಮಾತ್ರೆಯ ಹಾಳೆ ಖಾಲಿಯಾಗಿ ಎಷ್ಟು ದಿನವಾಗಿದೆ, ಒಲೆ ಹೊತ್ತಿದೆಯಾ, ಕನ್ನಡಕ ಮುರಿದಿದೆಯಾ? ಇವನ್ನು ಕಂಡು ಸುಮ್ಮನಿರಿ, ಮನೆಗೆ ಬಂದ ಮೇಲೆ ಏನು ಮಾಡಬೇಕು ಯೋಚಿಸಿ. ಅವರ ಮುಂದೆಯೇ “ಅಯ್ಯೋ ಪಾಪ” ಅಂದರೆ ಅವರು ಮುಂದಿನ ಸಲ ಬಾಗಿಲು ತೆರೆಯುವುದಕ್ಕೆ ಹಿಂಜರಿಯುತ್ತಾರೆ.

ಹೊರಡುವ ಮುಂಚೆ ಪ್ರಾರ್ಥನೆ ಮಾಡಲಾ ಅಂತ ಕೇಳಿ ಮಾಡಿ. ಚಿಕ್ಕದಾಗಿರಲಿ. ಅವರು ಹೇಳಿದ ವಿಷಯವನ್ನು, ಅವರು ಹೇಳಿದ ಮಾತಿನಲ್ಲೇ ದೇವರ ಮುಂದೆ ಇಡಿ. ಕೆಲವರ ಪ್ರಾರ್ಥನೆ ಹೀಗಿರುತ್ತದೆ: “ಕರ್ತನೇ, ಈ ಮನೆಯವರು ಇನ್ನಾದರೂ ಸಭೆಗೆ ತಪ್ಪದೆ ಬರುವಂತೆ ಬುದ್ಧಿ ಕೊಡು.” ಕಣ್ಣು ಮುಚ್ಚಿಕೊಂಡು ಕೂತವರಿಗೆ ಅದು ಬೈಗುಳ. ದೇವರ ಹೆಸರಲ್ಲಿ ಬೈದರೆ ಅವರು ತಿರುಗಿ ಮಾತಾಡುವುದಕ್ಕೂ ಆಗುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಅವರು ಕಾಫಿ ಕೊಟ್ಟರೆ ಕುಡಿಯಿರಿ. ಎಷ್ಟೇ ಬಡವರಾಗಿರಲಿ, ಬೇಡ ಅನ್ನಬೇಡಿ. ಸಮಾರ್ಯದ ಬಾವಿಯ ಬಳಿ ಯೇಸು ಆ ಹೆಂಗಸಿಗೆ ಮೊದಲು ಏನನ್ನೂ ಕೊಡಲಿಲ್ಲ, ಕುಡಿಯುವುದಕ್ಕೆ ನೀರು ಕೇಳಿದ. ಒಂಟಿಯಾದವರಿಗೆ ಸಹಾಯ ಬೇಕು, ಅದಕ್ಕಿಂತ ಹೆಚ್ಚಾಗಿ ತಮ್ಮಿಂದ ಯಾರಿಗಾದರೂ ಉಪಯೋಗ ಇದೆ ಅನ್ನುವುದು ಗೊತ್ತಾಗಬೇಕು. ನಮ್ಮ ಕೂಟದಲ್ಲಿ ಒಬ್ಬ ತಾತ ಇದ್ದಾರೆ, ಗಣಿಯಲ್ಲಿ ದುಡಿದವರು, ವರ್ಷಗಟ್ಟಲೆ ಯಾರ ಜೊತೆಗೂ ಸೇರುತ್ತಿರಲಿಲ್ಲ. ಎಷ್ಟು ಕರೆದರೂ ಬರಲಿಲ್ಲ. ಹಳೆಯ ಕೀರ್ತನೆಗಳ ರಾಗ ನಮ್ಮ ಹುಡುಗರಿಗೆ ಬರೋದಿಲ್ಲ, ನೀವೇ ಹೇಳಿಕೊಡಬೇಕು ಅಂತ ಕೇಳಿದೆವು. ಬಂದರು. ಈಗ ಅವರಿಗೆ ಹುಷಾರಿಲ್ಲದ ದಿನ ಹುಡುಗರೇ ಅವರ ಮನೆಗೆ ಹೋಗುತ್ತಾರೆ.

ಮನೆಯಲ್ಲಿ ಕೂಡುವುದು

ನೋಡಿ ಬರುವುದು ಒಂದೆರಡು ತಿಂಗಳು ನಡೆದ ಮೇಲೆ ಕೂಟ ಶುರು ಮಾಡಿ. ಮೊದಲೇ ಮಾಡಿದರೆ ಬರುವವರು ಎಲ್ಲ ಕೂಟಕ್ಕೂ ಬರುವ ಅದೇ ಐದು ಜನ. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತು. ನಾವು ಗುರುವಾರ ಸಂಜೆ ಕೂಡುತ್ತೇವೆ, ಏಳಕ್ಕೆ ಶುರು, ಎಂಟೂವರೆಗೆ ಮುಗಿಯಲೇಬೇಕು. ಬೆಳಗಿನ ರೈಲು ಹಿಡಿಯುವವರು, ಹಾಲು ಕರೆಯಲು ಏಳುವವರು ನಮ್ಮಲ್ಲಿದ್ದಾರೆ. ಹತ್ತು ಗಂಟೆವರೆಗೆ ಎಳೆದರೆ ಅವರು ಮುಂದಿನ ವಾರ ಬರುವುದಿಲ್ಲ. ಶಿಫ್ಟಿನ ಹುಡುಗಿಯರಿಗೆ ಗುರುವಾರ ಆಗದಿದ್ದರೆ ಅವರಿಗೆ ಯಾವತ್ತು ರಜೆಯೋ ಅವತ್ತು ಇನ್ನೊಂದು ಚಿಕ್ಕ ಕೂಟ ಮಾಡಿ. ನಮ್ಮ ಅನುಕೂಲಕ್ಕೆ ಅವರು ಬರಲಿ ಅಂತ ಕಾಯುತ್ತಾ ಕೂತರೆ ಅವರು ಎಂದೂ ಬರುವುದಿಲ್ಲ.

ಮೈಕ್ ಬೇಡ. ಹನ್ನೆರಡು ಜನ ಕೂತ ಹಾಲಿನಲ್ಲಿ ಮೈಕ್ ಹಿಡಿದರೆ ಒಬ್ಬರು ಮಾತಾಡುವವರು, ಹನ್ನೊಂದು ಜನ ಕೇಳುವವರು ಆಗಿಬಿಡುತ್ತಾರೆ. ಅಕ್ಕಪಕ್ಕದವರಿಗೂ ಕಿರಿಕಿರಿ. ಪಕ್ಕದ ಮನೆಯವರಿಗೆ ಮೊದಲೇ ಹೇಳಿ, ಬಾಗಿಲು ತೆರೆದೇ ಇಡಿ, ಟೀ ಮಾಡಿದಾಗ ಅವರಿಗೂ ಒಂದು ಲೋಟ ಕೊಡಿ. ಕುರ್ಚಿ ಸಾಲಾಗಿ ಹಾಕಬೇಡಿ, ಚಾಪೆ ಹಾಸಿ ಸುತ್ತ ಕೂತರೆ ಎಲ್ಲರ ಮುಖ ಎಲ್ಲರಿಗೂ ಕಾಣುತ್ತದೆ. ಮಂಡಿ ನೋವಿನವರಿಗೆ ಮಾತ್ರ ಕುರ್ಚಿ.

ಒಂದು ಹಾಡು. ವಾಕ್ಯದ ಒಂದು ಭಾಗ, ಹತ್ತು ಹದಿನೈದು ವಚನಕ್ಕಿಂತ ಉದ್ದ ಬೇಡ, ಎರಡು ಸಲ ಓದಿ. ಓದುವುದಕ್ಕೆ ಪ್ರತಿವಾರ ಬೇರೆ ಬೇರೆಯವರು. ಓದು ಬಾರದವರಿದ್ದರೆ ಅವರಿಗೆ ಮುಜುಗರವಾಗದಂತೆ ಹಾಡು ಎತ್ತಿಕೊಡುವ ಕೆಲಸ ಕೊಡಿ. ಓದಿದ ಮೇಲೆ ಪ್ರಸಂಗ ಬೇಡ. ಭಾನುವಾರ ನಮ್ಮ ಸಭಾಪಾಲಕರಾದ ಅಯ್ಯನವರು ಪ್ರಸಂಗ ಮಾಡುತ್ತಾರೆ, ಅದು ಸಾಕು. “ಇದರಲ್ಲಿ ನಿಮ್ಮ ಮನಸ್ಸಿಗೆ ಯಾವ ಮಾತು ನಾಟಿತು?” ಅಂತ ಕೇಳಿ ಸುಮ್ಮನಾಗಿ. ಮೊದಮೊದಲು ಯಾರೂ ಬಾಯಿ ಬಿಡುವುದಿಲ್ಲ. ಆ ಮೌನಕ್ಕೆ ಹೆದರಿ ನೀವೇ ಮಾತಾಡಿಬಿಟ್ಟರೆ, ಇಲ್ಲಿ ಮಾತಾಡುವುದು ನಿಮ್ಮ ಕೆಲಸ ಅಂತ ಅವರು ತಿಳಿದುಕೊಳ್ಳುತ್ತಾರೆ. ಕಾಯಿರಿ. ಮೂರನೇ ವಾರವೋ ನಾಲ್ಕನೇ ವಾರವೋ ಒಬ್ಬರು ಶುರು ಮಾಡುತ್ತಾರೆ.

ಆಮೇಲೆ ಒಬ್ಬೊಬ್ಬರೂ ತಮ್ಮ ವಾರ ಹೇಗೆ ಹೋಯಿತು ಅಂತ ಹೇಳಬೇಕು. ಐದು ನಿಮಿಷ, ಮಧ್ಯೆ ಯಾರೂ ಬಾಯಿ ಹಾಕಬಾರದು, ಉಪಾಯ ಹೇಳಬಾರದು. ನಮ್ಮ ಜನಕ್ಕೆ ಇದು ತುಂಬ ಕಷ್ಟ. ಒಬ್ಬಳು ಗಂಡನ ಕುಡಿತದ ಬಗ್ಗೆ ಹೇಳಿದ ಕೂಡಲೇ ಇನ್ನೊಬ್ಬರು “ನಮ್ಮ ಭಾವನಿಗೂ ಹಾಗೇ ಇತ್ತು, ಆ ಊರಲ್ಲಿ ಒಂದು ಔಷಧಿ ಕೊಡ್ತಾರೆ” ಅಂತ ಶುರು ಮಾಡುತ್ತಾರೆ. ಹೇಳಬಂದವಳ ಮಾತು ಅರ್ಧಕ್ಕೇ ನಿಲ್ಲುತ್ತದೆ. ಕೂಟ ನಡೆಸುವವರು ಆಗ ಮೆಲ್ಲಗೆ “ಅಣ್ಣ, ಅಕ್ಕ ಮುಗಿಸಲಿ” ಅನ್ನಬೇಕು. ಎಲ್ಲರ ಮುಂದೆ ಹೇಳಲಾಗದ ವಿಷಯಗಳೂ ಇರುತ್ತವೆ. ಅದಕ್ಕೆ ಹೆಂಗಸರು ಇಬ್ಬರು ಮೂವರು, ಗಂಡಸರು ಇಬ್ಬರು ಮೂವರು ಬೇರೆಯಾಗಿ ಕೂತು ಪ್ರಾರ್ಥಿಸುವ ಹತ್ತು ನಿಮಿಷ ಕೊನೆಯಲ್ಲಿ ಇರಲಿ. ಒಬ್ಬರಿಗೊಬ್ಬರು ಪಾಪಗಳನ್ನು ಒಪ್ಪಿಕೊಳ್ಳಿ ಅಂತ ಯಾಕೋಬ ಬರೆದದ್ದು ಅಂಥ ಜಾಗದಲ್ಲಿ ಮಾತ್ರ ಸಾಧ್ಯ.

ಅಳುವವರ ಜೊತೆ ಅಳಲು ನಮ್ಮವರಿಗೆ ಚೆನ್ನಾಗಿ ಬರುತ್ತದೆ. ಸಾವಿನ ಮನೆಯಲ್ಲಿ ನಮ್ಮ ಸಭೆಯವರು ನಿಲ್ಲುವ ರೀತಿ ನೋಡಿದರೆ ನನಗೆ ಹೆಮ್ಮೆ. ಸಂತೋಷಪಡುವವರ ಜೊತೆ ಸಂತೋಷಪಡುವುದು ಅಷ್ಟು ಸುಲಭ ಅಲ್ಲ, ಆದರೆ ಪೌಲ ಬರೆಯುವಾಗ ಅದನ್ನೇ ಮೊದಲು ಬರೆದ. ಒಬ್ಬರ ಮಗಳಿಗೆ ಕೆಲಸ ಸಿಕ್ಕಿತು, ಒಬ್ಬರು ಸೈಟು ತಗೊಂಡರು ಅಂದಾಗ ಕೂಟದಲ್ಲಿ ಸ್ತೋತ್ರ ಹೇಳಿ, ಅವತ್ತೇ ಅವರ ಮನೆಗೆ ಹೋಗಿ ಬನ್ನಿ. ಹೊಟ್ಟೆಕಿಚ್ಚು ಒಳಗೆ ಮೂಡಿದರೂ ಹೋಗಿ, ಹೋದ ಮೇಲೆ ಕಡಿಮೆಯಾಗುತ್ತದೆ.

ಯಾರ ಮನೆಯಲ್ಲಿ ಉಣ್ಣುತ್ತೀರಿ

ಇದನ್ನು ಬಿಚ್ಚಿ ಹೇಳಬೇಕು. ಕ್ರಿಸ್ತನಲ್ಲಿ ನಾವೆಲ್ಲ ಒಂದು ಅನ್ನುತ್ತೇವೆ, ಆದರೆ ಸಭೆಯೊಳಗೂ ಜಾತಿ ಬಂದು ಕೂತಿದೆ. ಚರ್ಚಿನ ಒಳಗೆ ಒಂದೇ ಪಾತ್ರೆಯಿಂದ ಪ್ರಭುಭೋಜನ ತೆಗೆದುಕೊಂಡವರು ಹೊರಗೆ ಬಂದ ಮೇಲೆ ಕೆಲವರ ಮನೆಯಲ್ಲಿ “ಈಗ ತಾನೇ ಊಟ ಆಯ್ತು” ಅನ್ನುತ್ತಾರೆ. ಆ ಮನೆಯವರಿಗೆ ಅದರ ಅರ್ಥ ಗೊತ್ತು, ಅವರ ಮಕ್ಕಳಿಗೂ ಗೊತ್ತು. ಕೊರಿಂಥದ ಸಭೆಯಲ್ಲಿ ಇದ್ದವರು ಮೊದಲೇ ಬಂದು ಹೊಟ್ಟೆ ತುಂಬ ತಿಂದು ಕುಡಿದು, ಇಲ್ಲದವರು ಹಸಿದುಕೊಂಡೇ ಇರುವಂತಾದಾಗ ಪೌಲ ಅದನ್ನು ಊಟದ ಶಿಸ್ತಿನ ಮಾತು ಅಂತ ಬಿಡಲಿಲ್ಲ. ನೀವು ಮಾಡುತ್ತಿರುವುದು ಕರ್ತನ ಭೋಜನವೇ ಅಲ್ಲ ಅಂದ. ಇದಕ್ಕಿಂತ ಕಠಿಣವಾದ ಮಾತು ಸಭೆಗೆ ಇನ್ನೇನಿದೆ?

ಹಾಗಾಗಿ ಕೂಟವನ್ನು ಒಂದೇ ಮನೆಯಲ್ಲಿ ಇಡಬೇಡಿ. ಸರದಿಯ ಪ್ರಕಾರ ಎಲ್ಲರ ಮನೆಯಲ್ಲೂ ಆಗಲಿ, ಕಾಲೊನಿಯ ಒಂದು ರೂಮಿನ ಮನೆಯಲ್ಲೂ ಆಗಲಿ, ಅಲ್ಲಿ ಅವರು ಏನು ಮಾಡಿದರೋ ಅದನ್ನು ಉಣ್ಣಿ. ಜಾಗ ಸಾಲದಿದ್ದರೆ ಜಗುಲಿಯಲ್ಲಿ ಕೂರಿ. ಅಡುಗೆ ಇಷ್ಟೇ ಅಂತ ಮೊದಲೇ ಕಟ್ಟು ಮಾಡಿಕೊಳ್ಳಿ: ನಮ್ಮಲ್ಲಿ ಮುದ್ದೆ, ಒಂದು ಸಾರು, ಬೇಕಾದರೆ ಮಜ್ಜಿಗೆ. ಒಬ್ಬರು ಬಿರಿಯಾನಿ ಮಾಡಿದರೆ ಮುಂದಿನ ವಾರದವರು ಸಾಲ ಮಾಡಿಯಾದರೂ ಬಿರಿಯಾನಿ ಮಾಡಬೇಕಾಗುತ್ತದೆ, ಆಮೇಲಿನವರು ಸರದಿಯನ್ನೇ ತಪ್ಪಿಸಿಕೊಳ್ಳುತ್ತಾರೆ.

ಕೂಡಿ ಉಣ್ಣುವುದಕ್ಕಿಂತ ಕೂಡಿ ಕೆಲಸ ಮಾಡುವಾಗ ಜನ ಹೆಚ್ಚು ಮಾತಾಡುತ್ತಾರೆ ಅನ್ನುವುದು ನನ್ನ ಅನುಭವ. ನಮ್ಮ ಕಡೆ ಅವರೆಕಾಯಿ ಕಾಲ ಬಂದರೆ ಹಿತಕಿದ ಬೇಳೆ ಸಾರು ಆಗಲೇಬೇಕು. ರಾತ್ರಿ ನೆನೆಸಿದ ಕಾಳನ್ನು ಒಂದೊಂದಾಗಿ ಹಿತುಕಿ ಸಿಪ್ಪೆಯಿಂದ ಬೇಳೆ ತೆಗೆಯುವುದು ಒಬ್ಬರಿಂದ ಮುಗಿಯುವ ಕೆಲಸ ಅಲ್ಲ. ಡಿಸೆಂಬರಿನಲ್ಲಿ ಒಂದು ಶನಿವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಎಲ್ಲರೂ ಸೇರಿ ದೊಡ್ಡ ಬೇಸಿನ್ ಸುತ್ತ ಕೂರುತ್ತೇವೆ, ಗಂಡಸರೂ ಕೂರುತ್ತಾರೆ. ಕೈ ಕೆಲಸದಲ್ಲಿರುತ್ತದೆ, ಕಣ್ಣು ಕಾಳಿನ ಮೇಲಿರುತ್ತದೆ, ಯಾರೂ ಯಾರ ಮುಖವನ್ನೂ ನೋಡುತ್ತಿರುವುದಿಲ್ಲ. ಕೂಟದಲ್ಲಿ ವರ್ಷವಿಡೀ ಬಾಯಿ ಬಿಡದ ನರಸಾಪುರದ ಒಬ್ಬ ಹುಡುಗಿ, ಊರಿಗೆ ಯಾಕೆ ಹೋಗುತ್ತಿಲ್ಲ ಅನ್ನುವುದನ್ನು ಹೇಳಿದ್ದು ಅಂಥ ಒಂದು ಮಧ್ಯಾಹ್ನ. ಸುತ್ತ ಇದ್ದವರು ಹಿತುಕುವುದನ್ನು ನಿಲ್ಲಿಸಲಿಲ್ಲ, ಅದರಿಂದಲೇ ಅವಳಿಗೆ ಹೇಳಿ ಮುಗಿಸಲು ಸಾಧ್ಯವಾಯಿತು ಅಂತ ನನ್ನ ಎಣಿಕೆ. ಕ್ರಿಸ್‌ಮಸ್‌ಗೆ ಕಜ್ಜಾಯ, ಚಕ್ಕುಲಿ ಮಾಡುವುದೂ ಹೀಗೇ ಕೂಡಿ ಮಾಡಿದರೆ ತಿಂಡಿ, ಮಾತು ಎರಡೂ ಆಗುತ್ತದೆ. ಹಬ್ಬದ ದಿನವಂತೂ ಒಬ್ಬರೇ ಇರುವವರನ್ನು ಮೊದಲೇ ಪಟ್ಟಿ ಮಾಡಿ ಮನೆಗೆ ಕರೆಯಿರಿ. ಔತಣ ಮಾಡಿದರೆ ತಿರುಗಿ ಕರೆಯಲಾರದವರನ್ನು ಕರೆ ಅಂತ ಯೇಸು ಹೇಳಿದ್ದು ಲೂಕ 14ರಲ್ಲಿದೆ.

ಮೂರು ಭಾಷೆಯ ಜಿಲ್ಲೆ

ಇಲ್ಲಿ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ಕೆ.ಜಿ.ಎಫ್. ಕಡೆ ಹೋದರೆ ತಮಿಳು. ಆರಾಧನೆ ಕನ್ನಡದಲ್ಲಿ ನಡೆಯುವ ಸಭೆಯಲ್ಲಿ ತಮಿಳಿನ ಅಜ್ಜಿಯೊಬ್ಬರು ಹಿಂದಿನ ಬೆಂಚಲ್ಲಿ ಕೂತು, ಹಾಡಿಗೆ ತುಟಿ ಆಡಿಸಿ, ಎದ್ದು ಹೋಗುತ್ತಾರೆ. ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯದಲ್ಲಿ ಸಭೆಯ ಮೊದಲ ಗೊಣಗಾಟ ಎದ್ದದ್ದು ಇಂಥದ್ದೇ ಕಾರಣಕ್ಕೆ. ಗ್ರೀಕ್ ಮಾತಾಡುವ ವಿಧವೆಯರು ದಿನದಿನದ ಹಂಚಿಕೆಯಲ್ಲಿ ಬಿಟ್ಟುಹೋಗುತ್ತಿದ್ದರು. ಅಪೊಸ್ತಲರ ಮಾತಿನಂತೆ ಸಭೆಯವರು ಏಳು ಜನರನ್ನು ಆರಿಸಿದರು, ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳೂ ಗ್ರೀಕ್ ಹೆಸರುಗಳು. ನೋವಾದವರ ಭಾಷೆಯವರ ಕೈಗೇ ಹಂಚಿಕೆ ಕೊಟ್ಟರು ಅಂತ ಕಾಣುತ್ತದೆ.

ನೀವೂ ಹಾಗೆ ಮಾಡಿ. ಅಜ್ಜಿಯನ್ನು ನೋಡಿ ಬರಲು ತಮಿಳು ಬಲ್ಲವರನ್ನೇ ಕಳುಹಿಸಿ. ಕೂಟದಲ್ಲಿ ಒಂದು ಹಾಡು ತೆಲುಗಿನದು, ಒಂದು ತಮಿಳಿನದು ಇರಲಿ. ಪ್ರಾರ್ಥನೆ ಮಾತ್ರ ಯಾರಿಗೂ ಬೇರೆ ಭಾಷೆಯಲ್ಲಿ ಮಾಡಿ ಅನ್ನಬೇಡಿ, ಅವರವರ ತಾಯಿಯ ಭಾಷೆಯಲ್ಲೇ ಮಾಡಲಿ. ಉಳಿದವರು ಆಮೆನ್ ಅಂದರಾಯಿತು.

ಕಾಸು

ಕೂಟದಲ್ಲಿ ಚೀಟಿ ಬೇಡ, ಸಾಲ ಬೇಡ, ಜಾಮೀನು ಬೇಡ. ಎಷ್ಟು ಒಳ್ಳೆಯ ಕೂಟಗಳು ಚೀಟಿಯಿಂದ ಒಡೆದಿವೆ ಅಂತ ನಮ್ಮ ಜಿಲ್ಲೆಯಲ್ಲಿ ಯಾರನ್ನಾದರೂ ಕೇಳಿ. ಅದರ ಬದಲು ಒಂದು ಡಬ್ಬಿ ಇಡಿ. ಯಾರು ಎಷ್ಟು ಹಾಕಿದರು ಅಂತ ಬರೆಯಬೇಡಿ, ಎಷ್ಟು ಖರ್ಚಾಯಿತು ಅನ್ನುವುದನ್ನು ಮಾತ್ರ ಇಬ್ಬರು ಸೇರಿ ಬರೆದಿಡಿ. ಮಾತ್ರೆಗೆ, ಆಸ್ಪತ್ರೆಗೆ ಹೋಗುವ ಬಸ್ ಚಾರ್ಜಿಗೆ, ಒಂದು ಸಿಲಿಂಡರಿಗೆ. ಕೊಟ್ಟದ್ದು ಕೊಟ್ಟ ಹಾಗೆ, ವಾಪಸ್ ಕೇಳುವಂತಿಲ್ಲ. ದೊಡ್ಡ ಮೊತ್ತ ಬೇಕಾದರೆ ಸಭಾಪಾಲಕರ ಮೂಲಕ ಸಭೆಗೆ ತಿಳಿಸಿ.

ಕೇಳಿದ್ದನ್ನು ಕೇಳಿದಲ್ಲೇ ಬಿಡುವುದು

ಕೂಟ ಒಡೆಯುವ ಇನ್ನೊಂದು ದಾರಿ ಪ್ರಾರ್ಥನೆಯ ಹೆಸರಿನ ಚಾಡಿ. “ಯಾರಿಗೂ ಹೇಳ್ಬೇಡಿ, ಪ್ರಾರ್ಥನೆಗೋಸ್ಕರ ಹೇಳ್ತಿದ್ದೀನಿ, ಅವರ ಮಗಳು…” ಅಂತ ಶುರುವಾಗುವ ಮಾತನ್ನು ಅಲ್ಲೇ ತಡೆಯಿರಿ. ತಡೆಯುವುದು ಹೇಗೆ ಅಂದರೆ, “ಬನ್ನಿ, ಈಗಲೇ ಅವರಿಗೋಸ್ಕರ ಪ್ರಾರ್ಥನೆ ಮಾಡೋಣ, ವಿಷಯ ದೇವರಿಗೆ ಗೊತ್ತು” ಅಂತ ಕಣ್ಣು ಮುಚ್ಚಿಬಿಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಕೂಟದ ದಿನ, ಜಾಗ, ಯಾರಿಗಾದರೂ ರಕ್ತ ಬೇಕಾದರೆ ಅದು, ಇಷ್ಟೇ ಇರಲಿ. ಯಾರ ಕಾಯಿಲೆಯ ಹೆಸರನ್ನೂ ಯಾರ ಮನೆಯ ಜಗಳವನ್ನೂ ಅಲ್ಲಿ ಬರೆಯಬೇಡಿ. ಬೆಳಗ್ಗೆ ವಾಕ್ಯದ ಚಿತ್ರ ಕಳುಹಿಸಿ ಆ ದಿನದ ಅನ್ಯೋನ್ಯತೆ ಮುಗಿಯಿತು ಅಂದುಕೊಳ್ಳುವವರಿಗೆ ನನ್ನದೊಂದು ವಿನಂತಿ: ಆ ಚಿತ್ರವನ್ನು ನೂರು ಜನರಿಗೆ ಕಳುಹಿಸುವ ಬದಲು ಒಬ್ಬರಿಗೆ ಫೋನ್ ಮಾಡಿ.

ಒಂದು ವಿಷಯದಲ್ಲಿ ಮಾತ್ರ ಗುಟ್ಟು ಕಾಯಬೇಡಿ. ಯಾರಾದರೂ “ಬದುಕೋದೇ ಬೇಡ ಅನ್ಸುತ್ತೆ” ಅಂದರೆ ಅದನ್ನು ಅಪನಂಬಿಕೆ ಅಂತ ಗದರಬೇಡಿ, ದೆವ್ವ ಅಂತ ಓಡಿಸಲು ಹೋಗಬೇಡಿ. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ದೂರ ಇಡಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಮರುದಿನವೇ ಡಾಕ್ಟರ ಬಳಿ ಜೊತೆಗೆ ಹೋಗಿ. ಪ್ರಾರ್ಥನೆಯೂ ನಡೆಯಲಿ, ಮಾತ್ರೆಯೂ ನಡೆಯಲಿ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವುದು ನಂಬಿಕೆಯ ಕೊರತೆ ಅಲ್ಲ ಅಂದಮೇಲೆ ಇದು ಹೇಗೆ ಕೊರತೆಯಾದೀತು?

ಮುನಿಸು ಬಂದಾಗ

ಬಂದೇ ಬರುತ್ತದೆ. ಹತ್ತಿರ ಬಂದವರ ನಡುವೆಯೇ ಮುನಿಸು ಹುಟ್ಟುವುದು. ಇಬ್ಬರು ಮೂವರು ನನ್ನ ಹೆಸರಿನಲ್ಲಿ ಕೂಡಿದಲ್ಲಿ ನಾನು ಇದ್ದೇನೆ ಅನ್ನುವ ವಚನವನ್ನು ನಾವು ಕೂಟಕ್ಕೆ ಕರೆಯುವಾಗಲೆಲ್ಲ ಹೇಳುತ್ತೇವೆ. ಮತ್ತಾಯ 18ನ್ನು ತೆಗೆದು ಅದರ ಮೇಲಿನ ವಚನಗಳನ್ನೂ ಓದಿ. ಅಲ್ಲಿ ಇರುವುದು ತಪ್ಪು ಮಾಡಿದ ಸಹೋದರನ ವಿಷಯ. ಮೊದಲು ನೀನೇ ಹೋಗಿ ಅವನೊಬ್ಬನೇ ಇರುವಾಗ ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು, ಆಮೇಲೆ ಸಭೆಗೆ ಹೇಳು. ನಾವು ಮಾಡುವುದು ತಲೆಕೆಳಗು: ಮೊದಲು ಊರಿಗೆಲ್ಲ ಹೇಳಿ, ಕೊನೆಗೂ ಅವನಿಗೆ ಹೇಳುವುದಿಲ್ಲ. ಮುನಿಸಿಕೊಂಡವರು ಇಬ್ಬರೂ ಕೂಟಕ್ಕೆ ಬರುವುದು ನಿಲ್ಲಿಸಿದರೆ ಇಬ್ಬರ ಮನೆಗೂ ಹೋಗಿ, ಆದರೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಒಯ್ಯಬೇಡಿ. “ನೀವೇ ಹೋಗಿ ಮಾತಾಡಿ, ಬೇಕಾದರೆ ನಾನು ಬಾಗಿಲವರೆಗೆ ಬರ್ತೀನಿ” ಅನ್ನಿ. ತಿಂಗಳು ಹಿಡಿದರೂ ಹಿಡಿಯಲಿ. ಹೆಂಡತಿಗೆ ಹೊಡೆಯುವುದು, ಮಕ್ಕಳ ಮೇಲೆ ಕೈ ಮಾಡುವುದು, ಇಂಥವು ಮುನಿಸಿನ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ರಾಜಿ ಮಾಡಿಸಲು ಕೂರಬೇಡಿ. ನೊಂದವರನ್ನು ಮೊದಲು ಸುರಕ್ಷಿತವಾದ ಜಾಗಕ್ಕೆ ಸೇರಿಸಿ, ಕಾನೂನಿನ ಸಹಾಯ ಕೊಡಿಸಿ.

ಹನ್ನೆರಡು ದಾಟಿದರೆ

ಕೂಟ ಚೆನ್ನಾಗಿ ನಡೆದರೆ ಜನ ಬರುತ್ತಾರೆ. ಇಪ್ಪತ್ತು ಜನ ಆದರು ಅಂತ ಸಂತೋಷಪಡುವ ಹೊತ್ತಿಗೆ ಮಾತಾಡದೆ ಎದ್ದು ಹೋಗುವವರು ಮತ್ತೆ ಹುಟ್ಟಿಕೊಂಡಿರುತ್ತಾರೆ. ಹನ್ನೆರಡು ದಾಟಿ ಒಂದೆರಡು ತಿಂಗಳಾದರೆ ಎರಡು ಮಾಡಿ. ಹೊಸ ಕೂಟಕ್ಕೆ ನಿಮ್ಮಲ್ಲಿ ಗಟ್ಟಿಯಾಗಿರುವ ಇಬ್ಬರನ್ನು ಕಳುಹಿಸಿ, ಕೈಲಾಗದವರನ್ನೆಲ್ಲ ಅಲ್ಲಿಗೆ ತಳ್ಳಬೇಡಿ. ಬೀದಿಯ ಪ್ರಕಾರ ಭಾಗ ಮಾಡಿ. ಭಾಷೆಯ ಪ್ರಕಾರ ಬೇಡ, ವಯಸ್ಸಿನ ಪ್ರಕಾರ ಬೇಡ, ಜಾತಿಯ ಪ್ರಕಾರವಂತೂ ಕನಸಿನಲ್ಲೂ ಬೇಡ. ಒಂದೇ ಬೀದಿಯ ಮುದುಕರೂ ಶಿಫ್ಟಿನ ಹುಡುಗಿಯರೂ ಒಂದೇ ಕೂಟದಲ್ಲಿದ್ದರೆ, ಹುಡುಗಿಗೆ ಜ್ವರ ಬಂದಾಗ ಗಂಜಿ ಕಾಯಿಸಿಕೊಡಲು ಅಜ್ಜಿ ಇರುತ್ತಾರೆ, ಅಜ್ಜಿಯ ಪಿಂಚಣಿಯ ಮೆಸೇಜ್ ಓದಿ ಹೇಳಲು ಹುಡುಗಿ ಇರುತ್ತಾಳೆ. ಸಭಾಪಾಲಕರಿಗೆ ಎರಡೂ ಕೂಟದ ವಿಷಯ ತಿಂಗಳಿಗೊಮ್ಮೆ ಹೇಳಿ, ಅವರನ್ನು ಆಗಾಗ ಕರೆಯಿರಿ. ಬಂದಾಗ ಅವರೂ ಚಾಪೆಯ ಮೇಲೆ ಕೂತು, ಎಲ್ಲರ ಹಾಗೆ ತಮ್ಮ ವಾರ ಹೇಗೆ ಹೋಯಿತು ಅಂತ ಹೇಳಲಿ. ಅಯ್ಯನವರನ್ನು ಆ ಪ್ರಶ್ನೆ ಕೇಳುವವರು ಊರಲ್ಲಿ ಬಹಳ ಕಡಿಮೆ.